ಸುಟ್ಟುಹೋದ ಕೊನೆಯ ಮಹಡಿ

ಸ್ವಿಚ್ ಒತ್ತಿದ್ದೇ ತಡ, ಕಂಪ್ಯೂಟರಿನ ಕ್ಯಾಬಿನೆಟ್ ಒಳಗಿಂದ ಟಪ್ ಅಂತ ಸಣ್ಣ ಸದ್ದು ಬಂತು. ಅದರ ಹಿಂದೆಯೇ ಸುಟ್ಟ ವಾಸನೆ. ಅವಳು ಗೋಡೆಯ ಪ್ಲಗ್ಗನ್ನು ಕಿತ್ತುಹಾಕಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು.

"ಏನೇ ಅದು ವಾಸನೆ? ಒಲೆ ಮೇಲೆ ನಾನೇನೂ ಇಟ್ಟಿಲ್ವಲ್ಲ!" ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿದಳು.

ಏನಂತ ಹೇಳುವುದು? ಸುಟ್ಟದ್ದು ತನ್ನ ಸಾಮಾನಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದಳು. ಸುಟ್ಟದ್ದು ಅವನ ಹಾರ್ಡ್ ಡಿಸ್ಕು.

ಅವನು ಲಿಫ್ಟ್ ಮೆಕ್ಯಾನಿಕ್. ಇವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿನ ಅಳತೆಗೆ ಲೆನ್ಸ್ ಕತ್ತರಿಸುವವಳು. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ಜೀವ. ಮನೆಯಲ್ಲಿ ಹೆಸರೇ ಪುಕ್ಕಲಿ. ಅಂಥವಳಿಗೆ ದೆವ್ವದ ಕಂಪ್ಯೂಟರ್ ಗೇಮ್ ಅಂದರೆ ಪ್ರಾಣ, ನೋಡಿ! ಸಿಕ್ಕಷ್ಟು ಹಳೇ ಪಾರ್ಟು, ಬೇಕೇಬೇಕಾದ್ದು ಮಾತ್ರ ಹೊಸದು ಅಂತ ಲೆಕ್ಕ ಹಾಕಿ, ತಾನೇ ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟಿದ್ದಳು. ಹಳೇ ಗ್ರಾಫಿಕ್ಸ್ ಕಾರ್ಡಿನ ಜಾಹೀರಾತು ಫೋನಿನಲ್ಲಿ ಕಂಡಾಗ, ಕಾವಲಿಗೆ ಚಿಕ್ಕಮ್ಮನನ್ನು ಕರೆದುಕೊಂಡೇ ಅವನ ರೂಮಿಗೆ ಹೋಗಿದ್ದಳು.

ಕಾರ್ಡ್ ಚೆನ್ನಾಗಿದೆ ಅಂತ ತೋರಿಸಲು ಅವನು ಒಂದು ಗೇಮ್ ಹಾಕಿದ್ದ. ತೆರೆಯ ಮೇಲೆ ಯಾವುದೋ ಮುಖ ಚೀರಿಕೊಂಡು ಬಂದದ್ದೇ ಇವಳು ಚಿಕ್ಕಮ್ಮನ ತೋಳು ಚಿವುಟಿ ಹಿಡಿದಳು.

"ಭಯ ಆಗುತ್ತಾ?" ಅವನು ಕೇಳಿದ.

"ಆಗುತ್ತೆ. ಅದಕ್ಕೇ ಬೇಕು. ಗೇಮಲ್ಲಾದ್ರೆ ಸಾಕು ಅನ್ನಿಸಿದಾಗ ನಿಲ್ಲಿಸಬಹುದು."

ಅವನು ಅವಳನ್ನೇ ಒಂದು ಕ್ಷಣ ನೋಡಿದ. ಆಮೇಲೆ, ಉಳಿದ ಪಾರ್ಟು ಹುಡುಕೋಕೂ ಸಹಾಯ ಮಾಡ್ತೀನಿ ಅಂದ. ದಾರಿಯುದ್ದಕ್ಕೂ ಚಿಕ್ಕಮ್ಮ ಮುಸಿಮುಸಿ ನಗುತ್ತಲೇ ಬಂದಳು.

ಅಲ್ಲಿಂದ ಪ್ರತಿ ಭಾನುವಾರ ಇವಳ ಮನೆಗೆ ಅವನ ಸವಾರಿ. ಒಮ್ಮೆ ಮುಚ್ಚಿಹೋದ ಸೈಬರ್ ಸೆಂಟರಿನ ಮದರ್‌ಬೋರ್ಡು ತಂದ, ಒಮ್ಮೆ ಯಾರದೋ ಅಟ್ಟದಿಂದ ಇಳಿದ ಕ್ಯಾಬಿನೆಟ್ಟು. ರ‍್ಯಾಮ್ ಪಟ್ಟಿಯನ್ನು ಬೋರ್ಡಿಗೆ ಕೂರಿಸುವಾಗ ಅವಳು ಅರ್ಧಕ್ಕೇ ನಿಲ್ಲಿಸಿದಳು.

"ಒತ್ತಿ. ಇನ್ನೂ ಸ್ವಲ್ಪ."

"ಮುರಿದ್ರೆ?"

"ಮುರಿಯಲ್ಲ. ಕಟ್ ಅನ್ನೋವರೆಗೂ ಒತ್ತಬೇಕು." ಅವನ ಹೆಬ್ಬೆರಳು ಅವಳ ಹೆಬ್ಬೆರಳಿನ ಪಕ್ಕ ಬಂತು. ಕಟ್ ಅಂದಿತು. ಇಬ್ಬರೂ ಕೈ ತೆಗೆಯಲಿಲ್ಲ. ಅವಳು ಓರೆಗಣ್ಣಲ್ಲಿ ನೋಡಿದರೆ, ಮಹಾಶಯ ಜಗತ್ತಿನಲ್ಲಿ ಬೇರೇನೂ ಇಲ್ಲವೆಂಬಂತೆ ಬೋರ್ಡನ್ನೇ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

ಒಂದೇ ವಿಷಯಕ್ಕೆ ಅವನು ಹಠ ಹಿಡಿದದ್ದು. "ಬೇರೆಲ್ಲ ಹಳೇದು ನಡೆಯುತ್ತೆ. ಎಲ್ಲಕ್ಕೂ ಕರೆಂಟ್ ಕೊಡೋ ಡಬ್ಬ, ಪವರ್ ಸಪ್ಲೈ, ಅದು ಮಾತ್ರ ಹೊಸದೇ ಬೇಕು. ಕ್ಯಾಬಿನೆಟ್ ಜೊತೆ ಬಂದಿರೋ ಆ ಹಳೇದನ್ನ ವೈರ್ ಸಮೇತ ಬಿಸಾಕಿ." ಡಬ್ಬವನ್ನು ಬಿಸಾಕಿದಳು. ವೈರುಗಳು ಉದ್ದಕ್ಕೆ, ಗಟ್ಟಿಮುಟ್ಟಾಗಿದ್ದವು. ಬಿಸಾಕಲು ಮನಸ್ಸು ಬರಲಿಲ್ಲ.

ಹೋದ ವಾರ ಅವನು ತನ್ನ ಡಿಸ್ಕ್ ತಂದುಕೊಟ್ಟಿದ್ದ. ಅದರಲ್ಲಿ ಅವನೇ ಮಾಡಿದ ಒಂದು ಗೇಮ್ ಇತ್ತು: ಒಂದು ಹಾಳು ಕಟ್ಟಡ, ಒಂದು ಲಿಫ್ಟು, ಮಹಡಿಗೊಂದು ದೆವ್ವ. ರಜೆಯ ದಿನಗಳನ್ನೆಲ್ಲ ಅದಕ್ಕೇ ಸುರಿದಿದ್ದ.

"ಕೊನೇ ಮಹಡಿ ಈಗಷ್ಟೇ ಮುಗೀತು. ಯಾರೂ ಆಡಿಲ್ಲ, ಮೊದಲು ನೀವೇ ಆಡಬೇಕು," ಅಂದಿದ್ದ. "ಆದ್ರೆ ನಾನು ಬರೋವರೆಗೂ ಸ್ವಿಚ್ ಮುಟ್ಟಬೇಡಿ. ಹೆದರಿದಾಗ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ!"

ಆ ಮಾತೇ ಅವಳನ್ನು ಕೆಣಕಿದ್ದು. ಸಂಜೆ ಅವನು ಬರುವಷ್ಟರಲ್ಲಿ ಎಲ್ಲ ಜೋಡಿಸಿ, ಓಡಿಸಿ ತೋರಿಸಿಬಿಡೋಣ ಅಂತ ಕೂತಳು. ಹೊಸ ಪವರ್ ಸಪ್ಲೈನ ವೈರು ಡಿಸ್ಕಿನವರೆಗೆ ಎಟುಕಲಿಲ್ಲ. ಹಳೇ ವೈರು ಎಟುಕಿತು. ಎರಡೂ ತುದಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು.

ಈಗ ಫೋನಿನಲ್ಲಿ ಹುಡುಕಿದರೆ ಮೊದಲ ಸಾಲಲ್ಲೇ ಇದೆ: ಒಂದು ಪವರ್ ಸಪ್ಲೈನ ವೈರನ್ನು ಇನ್ನೊಂದಕ್ಕೆ ಹಾಕಲೇಬೇಡಿ, ತುದಿ ಒಂದೇ ಥರ ಕಂಡರೂ ಕರೆಂಟ್ ಹರಿಯುವ ದಾರಿ ಬೇರೆ. ಹೆದರುವವರ ಮೇಲೇ ಹಾವು ಎಸೆಯುತ್ತಾರೆ ಅನ್ನುವುದು ಇದಕ್ಕೇ.

"ಚಿಕ್ಕಮ್ಮಾ, ಅವರು ಇನ್ನು ಈ ಮನೆ ಕಡೆ ತಲೆ ಹಾಕಲ್ಲ."

ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡಳು. "ಹಳೇ ಸಾಮಾನು ತಾನೇ? ತಾನಾಗೇ ಸತ್ತುಹೋಯ್ತು ಅನ್ನು."

"ಸುಳ್ಳಾ?"

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀನು ಒಂದೇ ಹೇಳ್ತಿದ್ದೀಯ, ಅಗ್ಗವಾಯ್ತು ಕಣೇ!"

ನಗು ಬರಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು. ಅವಳು ಆ ವೈರನ್ನು ಎಳೆದು ತೆಗೆದು ಸೋಫಾದ ದಿಂಬಿನ ಕೆಳಗೆ ತುರುಕಿ, ಅದರ ಮೇಲೇ ಕೂತುಬಿಟ್ಟಳು. ಚಿಕ್ಕಮ್ಮ ಬಾಗಿಲು ತೆಗೆದು, ಏನೂ ಅರಿಯದವಳಂತೆ ಬಟ್ಟೆ ಒಣಗಿಸಲು ಮಹಡಿಗೆ ಹೋದಳು.

"ಡಿಸ್ಕ್... ಓಡ್ತಾ ಇಲ್ಲ," ಅಂದಳು.

ಅವನು ಡಿಸ್ಕನ್ನು ಬಿಚ್ಚಿ ಕಿವಿಗೆ ಹಿಡಿದ, ಮೂಸಿದ. ಮುಖ ಕಪ್ಪಿಟ್ಟಿತು. ಈಗ ಕೇಳುತ್ತಾನೆ, ಈಗ ಗೊತ್ತಾಗುತ್ತದೆ ಅಂತ ಅವಳು ಕಾದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳ ಕೈ ದಿಂಬಿನ ಮೇಲೇ ಹೋಗುತ್ತಿತ್ತು.

"ತಪ್ಪು ನಂದೇ," ಅಂದ ಅವನು. "ಇಷ್ಟು ಹಳೇ ಡಿಸ್ಕ್ ನಿಮಗೆ ಕೊಡಬಾರದಿತ್ತು. ಬೋರ್ಡಿಗೇನೂ ಆಗಿಲ್ಲ ತಾನೇ?" ಪರೀಕ್ಷಿಸಿ ನೋಡಿದ. ಉಳಿದದ್ದೆಲ್ಲ ನೆಟ್ಟಗಿತ್ತು. "ಸದ್ಯ! ನನ್ನ ಬುದ್ಧಿಗಿಷ್ಟು. ಇನ್ಮೇಲೆ ನಿಮಗೆ ಹಳೇದು ಒಂದೂ ತರಲ್ಲ. ನನ್ನ ಮೇಲೆ ನಂಬಿಕೆ ಹೋಯ್ತೇನೋ, ಅಲ್ವಾ?"

ಬಚಾವಾದಳು. ಇನ್ನು ಸುಮ್ಮನಿದ್ದರೆ ಸಾಕು. ಅವನು ಮುಂದಿನ ಭಾನುವಾರವೂ ಬರುತ್ತಾನೆ, ಅದರ ಮುಂದಿನ ಭಾನುವಾರವೂ. ಅವಳಿಗೆ ಅವನು ಬೇಕಿತ್ತು. ಸುಳ್ಳು ಹೇಳಿಯಾದರೂ ಉಳಿಸಿಕೊಳ್ಳುವಷ್ಟು ಬೇಕಿತ್ತು, ಮತ್ತು ಹಾಗೆ ಬೇಕೆನಿಸಿದ್ದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಅವನು ತಲೆ ತಗ್ಗಿಸಿ ತನ್ನನ್ನೇ ಬೈದುಕೊಳ್ಳುತ್ತಿದ್ದ. ನೋಡಲಾಗಲಿಲ್ಲ.

ಎದ್ದು, ದಿಂಬು ಸರಿಸಿ, ವೈರನ್ನು ಅವನ ಮುಂದೆ ಇಟ್ಟಳು.

"ನಾನು ಬಿಸಾಕಿರಲಿಲ್ಲ. ಇದನ್ನೇ ಹಾಕಿದ್ದೆ. ನಿಮ್ಮ ಡಿಸ್ಕ್ ತಾನಾಗಿ ಸಾಯಲಿಲ್ಲ. ನಾನೇ ಸುಟ್ಟಿದ್ದು."

ಅವನು ವೈರನ್ನು ನೋಡಿದ, ಅವಳನ್ನು ನೋಡಿದ.

"ನಾನು ಇಷ್ಟೊತ್ತು ನನ್ನನ್ನೇ ಬೈಕೊಳ್ತಾ ಇದ್ದೆ. ನೀವು ನೋಡ್ತಾ ಕೂತಿದ್ರಿ."

"ಹೂಂ."

"ಯಾಕೆ?"

"ಭಯ. ನೀವು ಮತ್ತೆ ಬರಲ್ಲ ಅಂತ."

ಅವನು ಎದ್ದು ಹೊರಗೆ ಹೋದ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು, ನಿಂತಿತು. ಅವಳ ಕಣ್ಣು ತುಂಬಿತು. ಹೋದ. ಮುಗಿಯಿತು. ಪುಕ್ಕಲಿ ಜನ್ಮದಲ್ಲೊಮ್ಮೆ ಧೈರ್ಯ ಮಾಡಿದ್ದಕ್ಕೆ ಇದು ಬಹುಮಾನ.

ಆಮೇಲೆ ಚಪ್ಪಲಿಯ ಸದ್ದು ವಾಪಸ್ ಬಂತು. ಅವನು ಹೊಸ್ತಿಲಲ್ಲೇ ನಿಂತ.

"ಗೇಮ್ ಹೋಗಿಲ್ಲ. ಹಳೇ ಕಾಪಿ ರೂಮಲ್ಲಿದೆ. ಕೊನೇ ಮಹಡಿ ಒಂದೇ ಅದರಲ್ಲಿಲ್ಲ."

"ಮತ್ತೆ ಕಟ್ಟಬಹುದಲ್ವಾ? ನಾನೂ ಕೂತ್ಕೊಳ್ತೀನಿ, ಏನು ಬೇಕಾದ್ರೂ ಮಾಡ್ತೀನಿ. ಅಲ್ಲಿ ಯಾವ ದೆವ್ವ ಇತ್ತು?"

"ದೆವ್ವ ಇರಲಿಲ್ಲ." ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯತೊಡಗಿದ. "ಲಿಫ್ಟ್ ಬಾಗಿಲು ತೆಗೆದ್ರೆ ಒಂದು ಅಡುಗೆಮನೆ. ಟೇಬಲ್, ಎರಡು ಕುರ್ಚಿ. ಒಂದರಲ್ಲಿ ನಾನು ಕೂತಿದ್ದೆ. ನೀವು ಬಂದು ಇನ್ನೊಂದರಲ್ಲಿ ಕೂತ್ರೆ ಒಂದು ಪ್ರಶ್ನೆ ಬರ್ತಿತ್ತು. ಕೆಳಗೆ ಹೌದು, ಇಲ್ಲ ಅಂತ ಎರಡು ಬಟನ್."

"ಇಲ್ಲ ಅಂತ ಒತ್ತಿದ್ರೆ?"

"ಆ ಬಟನ್ ಕೆಲಸ ಮಾಡ್ತಿರಲಿಲ್ಲ. ಒತ್ತಿದ್ರೆ ಏನಾಗಬೇಕು ಅಂತ ಬರೆಯೋಕೆ ಧೈರ್ಯ ಬರಲಿಲ್ಲ."

"ನಿಮಗಾ? ಅಷ್ಟೆತ್ತರದಲ್ಲಿ ಒಂದು ಹಗ್ಗಕ್ಕೆ ಜೋತಾಡೋರಿಗಾ?"

"ಅಲ್ಲಿ ಬಿದ್ರೆ ಹಿಡಿಯೋಕೆ ಬೆಲ್ಟ್ ಇರುತ್ತೆ ಮಾರಾಯ್ರೆ!"

ಅಳುತ್ತಲೇ ಅವಳಿಗೆ ನಗು ಬಂತು. ಒಳಗೆ ಬನ್ನಿ ಅಂದಳು. ಅವನು ಬಂದ, ಆದರೆ ಕೂರಲಿಲ್ಲ.

"ಪ್ರಶ್ನೆ ಏನಿತ್ತು?"

"ಅದನ್ನ ಬಾಯಲ್ಲಿ ಹೇಳೋಕಾಗದೇ ತಾನೇ ಒಂದು ಇಡೀ ಮಹಡಿ ಕಟ್ಟಿದ್ದು."

"ಅದನ್ನ ನಾನು ಸುಟ್ಟಾಯ್ತು. ಇನ್ನು ಬಾಯಲ್ಲೇ ಹೇಳಬೇಕು."

ಅವನು ಕಣ್ಣು ಮುಚ್ಚಿಕೊಂಡ. "ನನ್ನ ಜೊತೆ ಬದುಕ್ತೀರಾ?" ಅಂದ. "ಇಲ್ಲ ಅನ್ನೋ ಬಟನ್ ಈಗ ಕೆಲಸ ಮಾಡುತ್ತೆ. ಒತ್ತಬಹುದು. ನಾನು ಬೇಜಾರು..."

"ಹೂಂ," ಅಂದಳು ಅವಳು.

"ಹೂಂ ಅಂದ್ರೆ?"

"ಹೌದು ಅಂತ. ತುಂಬ ಹೆದರಿಕೊಂಡೇ ಹೇಳ್ತಿದ್ದೀನಿ. ಕಣ್ಣು ಬಿಡಿ."