ಐದು ಮನೆಗಳ ವಠಾರದ ಕ್ರಯಪತ್ರ

"ಯಾರೂ ಗೇಟು ದಾಟಬೇಡಿ! ನಿನ್ನೆ ತಂದಿಟ್ಟ ಪತ್ರ ಕದ್ದೋರು ಒಳಗೇ ಇದಾರೆ!"

ವಠಾರದ ಮಾಲೀಕ ಗಂಗಾಧರಯ್ಯನವರು ಅಂಗಳದಲ್ಲಿ ನಿಂತು ಕೂಗುವಾಗ ವಿನುತಾಳ ಕೈಯಲ್ಲಿ ಊಟದ ಡಬ್ಬಿಯಿತ್ತು. ಮೆಜೆಸ್ಟಿಕ್ ಬಸ್ಸು ತಪ್ಪುವುದರಲ್ಲಿತ್ತು. ಬೆಳಿಗ್ಗೆ ನೀರು ಹಿಡಿಯುವಾಗ ನಲ್ಲಿಗೆ ಸುತ್ತಿದ್ದ ಬಟ್ಟೆ ಕಿತ್ತುಬಂದು ತೊಯ್ದಿದ್ದ ಚೂಡಿದಾರ ಇನ್ನೂ ಮೈಗೆ ಅಂಟಿಕೊಂಡಿತ್ತು. ಇದೊಂದು ಬಾಕಿಯಿತ್ತು ಎಂದುಕೊಂಡಳು.

ಚಾಮರಾಜಪೇಟೆಯ ಆ ವಠಾರವನ್ನು ಬಿಲ್ಡರೊಬ್ಬ ಕೊಳ್ಳುವವನಿದ್ದ. ಹನ್ನೊಂದು ಗಂಟೆಗೆ ರಿಜಿಸ್ಟ್ರೇಷನ್. ಮೂಲ ಕ್ರಯಪತ್ರವನ್ನು ಗಂಗಾಧರಯ್ಯನವರು ಹಿಂದಿನ ಸಂಜೆಯಷ್ಟೇ ಬ್ಯಾಂಕಿನ ಲಾಕರಿನಿಂದ ತಂದು ಬೀರುವಿನಲ್ಲಿಟ್ಟಿದ್ದರು. ಬೀರುವಿನ ಕೀಲಿಕೈ ಸದಾ ಅವರ ಉಡಿದಾರದಲ್ಲಿ. ಸ್ನಾನಕ್ಕೆ ಹೋಗುವಾಗ ಮಾತ್ರ ಬಚ್ಚಲಮನೆ ಹೊರಗಿನ ಮೊಳೆಗೆ. ಬೆಳಿಗ್ಗೆ ಆರಕ್ಕೆ ಸ್ನಾನಕ್ಕೆ ಹೋದವರು ಆರೂವರೆಗೆ ಬಂದು ನೋಡಿದರೆ ಬೀರು ತೆರೆದಿತ್ತು, ಪತ್ರವಿರಲಿಲ್ಲ. ಗೇಟಿಗೆ ಆಗಿನ್ನೂ ಬೀಗವಿತ್ತು.

"ಆರರಿಂದ ಆರೂವರೆ ನೀರಿನ ಹೊತ್ತು. ಎಲ್ಲರೂ ಹಿತ್ತಲ ನಲ್ಲಿ ಹತ್ರ ಸಾಲಲ್ಲಿದ್ರು," ಎಂದರು ಗಂಗಾಧರಯ್ಯ. "ಅಣ್ಣಮ್ಮ ಒಬ್ಬಳನ್ನ ಬಿಟ್ಟು."

ತರಕಾರಿ ಮಾರುವ ಅಣ್ಣಮ್ಮ ಬುಟ್ಟಿಯ ಪಕ್ಕ ನಿಂತಿದ್ದಳು. "ಐದೂವರೆಗೆ ಮಾರ್ಕೆಟ್‌ನಿಂದ ಬಂದು, ಗೇಟಿಗೆ ಮತ್ತೆ ಬೀಗ ಹಾಕಿ ಮಲಗ್ದೆ ಅಯ್ನೋರೇ. ನಿಮ್ ಪತ್ರ ತಗೊಂಡು ನಾನೇನು ಸೊಪ್ಪು ಕಟ್ಲಾ?"

"ಬೇರೆ ಮನೆ ಸಿಗೋವರ್ಗೂ ಖಾಲಿ ಮಾಡಲ್ಲ ಅಂದವಳು ನೀನೇ ತಾನೆ? ಸ್ಟೇಷನ್ನಿಗೆ ಫೋನ್ ಮಾಡಿದೀನಿ. ಜೀಪು ಬರ್ತಿದೆ."

ಅವರ ಹೆಂಡತಿ ಚೂಡಾಮಣಿ ಗಾಬರಿಯಿಂದ ಹೊರಗೆ ಬಂದರು. "ಪೊಲೀಸು ಯಾಕ್ರೀ?" ಎಂದವರು ಎಲ್ಲರನ್ನೂ ನೋಡಿ, "ಇದೇನು ಎಲ್ಲಾ ಹೀಗೆ ನೆನೆದಿದೀರಾ?" ಎಂದರು. ಕೇಳುವ ಹೊತ್ತೇ ಇದು ಎಂದು ವಿನುತಾ ಹಲ್ಲು ಕಚ್ಚಿದಳು.

ಮೂರನೇ ಮನೆಯ ಗಿರಿಜಾಂಬಾ ಸೆರಗು ಹಿಂಡುತ್ತಾ ಮೆಟ್ಟಿಲ ಮೇಲೆ ಕೂತರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ, ಕಾಪಿ ಹೊಡೆಯುವವರನ್ನು ಹಿಡಿದವರು. ವಠಾರದಲ್ಲಿ ಏನು ಕಳೆದರೂ ಪಂಚಾಯ್ತಿ ಅವರ ಮುಂದೆಯೇ.

"ಎಲ್ಲರೂ ಬನ್ನಿ. ಜೀಪು ಬರೋದ್ರೊಳಗೆ ಮುಗಿಸೋಣ. ರುದ್ರೇಶ್, ನೀನು ಸಾಲಲ್ಲಿದ್ದೆಯಾ?"

"ಇದ್ದೆ ಮಿಸ್. ಈಯಮ್ಮನ್ನೇ ಕೇಳಿ. ಅರ್ಧ ಗಂಟೆ ನನ್ ತಲೆ ತಿಂದಿದಾರೆ." ನಾಲ್ಕನೇ ಮನೆಯ ರುದ್ರೇಶ ವಿನುತಾಳತ್ತ ಬೆರಳು ತೋರಿಸಿದ.

"ಬಿಂದಿಗೆ ಪಕ್ಕ ಉಗುಳ್ತಾ ಹಲ್ಲುಜ್ಜಿದ್ರೆ ಆರತಿ ಎತ್ತಲಾ?" ಎಂದಳು ವಿನುತಾ. "ಇದ್ದ ಮಿಸ್. ನೀವು ನನ್ನ ಹಿಂದೆ ಇದ್ರಿ, ಚೂಡಾಮಣಿ ಆಂಟಿ ಮುಂದೆ. ಬರೆದುಕೊಡ್ಲಾ? ನಾನು ಹೋಗ್ಬೇಕು."

"ಆಂಟಿ ಏನು ಮಾತಾಡಿದ್ರು?"

ವಿನುತಾ ಬಾಯಿ ತೆರೆದಳು. ಸಾಲು ಸರಿದಾಗಲೆಲ್ಲ ತಾನು ಕಾಲಿನಿಂದ ಮುಂದಕ್ಕೆ ದೂಡಿದ ಆಂಟಿಯ ತಾಮ್ರದ ಬಿಂದಿಗೆಯಷ್ಟೇ ನೆನಪಾಯಿತು. "ಆಂಟಿ ಬಿಂದಿಗೆ ಇತ್ತು ಮಿಸ್," ಎಂದಳು.

"ಅದನ್ನ ತುಂಬಿಸಿದ್ದು ಯಾರು?"

"ನಾನೇ... ದಿನಾ ಹಾಗೇ ಅಲ್ವಾ ಮಿಸ್? ಯಾರಾದ್ರೂ ಒಲೆ ನೋಡೋಕೆ ಹೋಗಿರ್ತಾರೆ, ಪಕ್ಕದೋರು ತುಂಬಿಸ್ತಾರೆ." ಹೇಳುತ್ತಿದ್ದಂತೆ ಅವಳ ಸಿಟ್ಟು ತನ್ನ ಮೇಲೆಯೇ ತಿರುಗಿತು.

"ನಾನೂ ಹಾಗೇ ಎಣಿಸಿದ್ದು," ಎಂದರು ಗಿರಿಜಾಂಬಾ. "ಈ ವಠಾರದಲ್ಲಿ ಸಾಲಲ್ಲಿ ಬಿಂದಿಗೆ ಇದ್ರೆ ಆಸಾಮಿ ಇದ್ದ ಹಾಗೆ. ರುದ್ರೇಶನ ಜಗಳ ಕೇಳಿಸ್ತಿತ್ತು, ಅವನಿದ್ದ. ಜಗಳಕ್ಕೆ ವಿನುತಾನೂ ಇದ್ಲು. ನಲ್ಲಿ ಬಟ್ಟೆ ಕಿತ್ತುಬಂದಾಗ ಮೂರು ಜನ ತೊಯ್ದ್ವಿ. ಅಲ್ಲಿದ್ದೋರಿಗೆ ಅದು ಗೊತ್ತಿರಬೇಕಿತ್ತು. ಆದ್ರೆ ಒಬ್ಬರು ಈಗ ಬಂದು, ಯಾಕೆ ನೆನೆದಿದೀರಾ ಅಂತ ಕೇಳಿದ್ರು. ಕೀಲಿ ಯಾವಾಗ ಮೊಳೆ ಮೇಲಿರತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಅಣ್ಣಮ್ಮ ಯಾಕಾಗಬಾರದು?" ಗಂಗಾಧರಯ್ಯನವರ ದನಿ ಇಳಿದಿತ್ತು.

"ಪತ್ರ ನಿನ್ನೆ ಸಂಜೆ ಮನೆಗೆ ಬಂದಿದ್ದು ನಿಮ್ಮಿಬ್ಬರಿಗೇ ಗೊತ್ತು ಸ್ವಾಮಿ. ನಮಗೆ ಗೊತ್ತಾಗಿದ್ದು ಈಗ, ನಿಮ್ಮ ಕೂಗಿನಿಂದ."

ಚೂಡಾಮಣಿ ಒಳಗೆ ಹೋಗಿ ಅಕ್ಕಿ ಡಬ್ಬದಿಂದ ಪತ್ರ ತಂದರು. ಮಡಿಕೆಗಳಿಂದ ಅಕ್ಕಿ ಉದುರುತ್ತಿತ್ತು.

"ಬಿಲ್ಡರ್ ನಾಲ್ಕು ಸಲ ಬಂದ. ನಾಲ್ಕು ಸಲಾನೂ ಕಾಫಿ ಮಾಡಿಕೊಟ್ಟೆ. ಮಾರೋಣ್ವಾ ಅಂತ ನೀವು ಒಂದ್ಸಲನಾದ್ರೂ ಕೇಳಿದ್ರಾ? ಇವತ್ತೊಂದು ದಿನ ತಪ್ಪಿದ್ರೆ ಕೇಳ್ತೀರೇನೋ ಅನ್ಕೊಂಡೆ." ಆಮೇಲೆ ಅಣ್ಣಮ್ಮನ ಕಡೆ ತಿರುಗಿದರು. "ನಿನ್ನ ಮೇಲೆ ಬರತ್ತೆ ಅಂತ ಗೊತ್ತಿರ್ಲಿಲ್ಲ ಕಣೇ. ಕರ್ಕೊಂಡು ಹೋಗೋಕೆ ಮುಂಚೆ ಹೇಳ್ತಿದ್ದೆ."

"ಯಾವಾಗಮ್ಮಾ?" ಎಂದಳು ಅಣ್ಣಮ್ಮ. "ಜೀಪ್ ಹತ್ತಿದ ಮೇಲಾ?"

ಗಂಗಾಧರಯ್ಯನವರು ಸ್ಟೇಷನ್ನಿಗೆ ಫೋನ್ ಮಾಡಿ, ಪತ್ರ ಮನೆಯಲ್ಲೇ ಸಿಕ್ಕಿತೆಂದು ತಡವರಿಸುತ್ತಾ ಹೇಳಿದರು. ಬಳಿಕ ಹೆಂಡತಿಯನ್ನು ನೋಡಿದರು.

"ಈಗ ಕೇಳ್ತಿದೀನಿ. ಮಾರೋದು ಬೇಡ್ವಾ?"

"ಮೊದಲು ಅಣ್ಣಮ್ಮಂಗೊಂದು ಕುರ್ಚಿ ತಂದ್ಹಾಕ್ರೀ," ಎಂದರು ಚೂಡಾಮಣಿ. "ಅವಳು ಕೂತ್ಕೊಳ್ಳೋಕೆ ಒಪ್ಪಿದ್ರೆ, ಆಮೇಲೆ ಮಾತಾಡೋಣ."