ಇಪ್ಪತ್ತನಾಲ್ಕು ಜನರ ಹೇಸಿಗೆ

ಎಪ್ಪತ್ತು ಪುಟದ ಅರ್ಜಿಯಲ್ಲಿ ಅರವತ್ತೆರಡು ಪುಟ ಬರೆದವರು ಮೇಷ್ಟ್ರು. ಅಂಥ ಅರ್ಜಿಯ ಮೊದಲ ಹಾಳೆಯಲ್ಲಿ, ‘ಯೋಜನೆಯ ಮುಖ್ಯಸ್ಥರು’ ಎಂಬ ಗೆರೆಯ ಮೇಲೆ, ಪ್ರೊಫೆಸರು ಸಹೋದ್ಯೋಗಿ ‘ಅಕ್ಕ’ನ ಹೆಸರು ಬರೆಸಿಬಿಟ್ಟರು. ಆ ಕ್ಷಣ ಮೇಷ್ಟ್ರ ಹೊಟ್ಟೆಯಲ್ಲಿ ಎದ್ದ ಉರಿಯಲ್ಲಿ ಒಂದಿಡೀ ಊರಿಗೆ ಸ್ನಾನದ ನೀರು ಕಾಯಿಸಬಹುದಿತ್ತು.

ವಿಶ್ವವಿದ್ಯಾಲಯದ ನಡವಳಿಕೆ ವಿಜ್ಞಾನದ ಸಂಶೋಧನಾ ಗುಂಪು ಅದು. ಒಂಬತ್ತು ಜನ, ಮೂರನೇ ಮಹಡಿ, ಎಲ್ಲರಿಗೂ ಸೇರಿ ಒಂದೇ ಕೈತೊಳೆಯುವ ಬೇಸಿನ್. ಅವರು ಅಳೆಯುತ್ತಿದ್ದದ್ದು ಮನುಷ್ಯನ ಹೇಸಿಗೆಯನ್ನು. ಮೂಗು ಮುಚ್ಚಿಕೊಂಡವನು ಬೇರೆಯವರ ತಪ್ಪನ್ನು ಹೆಚ್ಚು ಕಟುವಾಗಿ ತೂಗುತ್ತಾನೆಯೇ ಎಂಬುದು ಅವರ ಪ್ರಶ್ನೆ. ಐದು ವರ್ಷದ ಅನುದಾನ ಸಿಕ್ಕಿದರೆ ಮೂರು ವಿಶ್ವವಿದ್ಯಾಲಯಗಳು ಕೂಡಿ ಇದಕ್ಕೊಂದು ಕೇಂದ್ರವನ್ನೇ ಕಟ್ಟುವುದಿತ್ತು. ಅರ್ಜಿಯಲ್ಲಿ ಮುಖ್ಯಸ್ಥರೆಂದು ಹೆಸರು ಬಿದ್ದವರೇ ಅದರ ನಿರ್ದೇಶಕರು. ಎರಡನೆಯವರು ಐದು ವರ್ಷ ಅವರ ಮುಂದೆ ರಜೆಚೀಟಿ ಹಿಡಿದು ನಿಲ್ಲಬೇಕು. ಮೇಷ್ಟ್ರಿಗೆ ಐವತ್ತೆರಡು ತುಂಬಿತ್ತು. ಹತ್ತು ವರ್ಷಕ್ಕೊಮ್ಮೆ ಬರುವ ಇಂಥ ಅರ್ಜಿ ಇನ್ನೊಂದು ಬರುವ ಹೊತ್ತಿಗೆ ಅವರಿಗೆ ನಿವೃತ್ತಿಯ ಹಾರ ಬಿದ್ದಿರುತ್ತದೆ.

ಕೇಳಿಯೇ ಬಿಡೋಣ ಎಂದು ಪ್ರೊಫೆಸರ ಕೋಣೆಗೆ ಹೋದರು.

“ನೋಡಯ್ಯ, ನೀನು ಬರೆದದ್ದು ಚಿನ್ನ, ಅದರಲ್ಲಿ ಎರಡು ಮಾತಿಲ್ಲ,” ಎಂದರು ಪ್ರೊಫೆಸರು. “ಆದ್ರೆ ಮೂರು ಕಡೆಯ ಜನರನ್ನ ಸಂಭಾಳಿಸಬೇಕಲ್ಲ? ಅಕ್ಕ ಇದ್ರೆ ಎಲ್ರೂ ಕುರ್ಚಿ ಎಳ್ಕೊಂಡು ಹತ್ರ ಬರ್ತಾರೆ. ನೀನು ಹೋದ ಕಡೆ ಕುರ್ಚಿ ಒರೆಸಿ ಕೂರ್ತೀಯ. ಅವರಿಗೆ ಒಂಥರಾ ಆಗುತ್ತೆ.”

“ಕುರ್ಚಿ ಗಲೀಜಾಗಿರುತ್ತೆ ಸಾರ್.”

“ಅದೇ ನೋಡು ನಾನು ಹೇಳಿದ್ದು.”

ಮೇಷ್ಟ್ರು ಹೊರಗೆ ಬಂದು ಕೈ ತೊಳೆದರು. ದಿನಕ್ಕೆ ನಲವತ್ತು ಸಲ ತೊಳೆಯುತ್ತಿದ್ದರು. ಆ ಮಹಡಿಯ ನಲ್ಲಿ ವರ್ಷಕ್ಕೆ ಮೂರು ಬಾರಿ ಸವೆದು ಹೋಗುತ್ತಿತ್ತು. ಕೊಳಾಯಿ ರಿಪೇರಿಯವನು ಇವರೊಬ್ಬರ ಪುಣ್ಯದಿಂದಲೇ ಎರಡು ಅಂತಸ್ತಿನ ಮನೆ ಕಟ್ಟಿದ್ದಾನೆಂದು ಗುಂಪಿನಲ್ಲಿ ಮಾತಿತ್ತು. ಬೆನ್ನ ಹಿಂದೆ ಎಲ್ಲರೂ ‘ಸಾಬೂನು ಮೇಷ್ಟ್ರು’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಹಲ್ಲಿನ ಸಂದಿಯಲ್ಲಿ ಅನ್ನದಗುಳು ಸಿಕ್ಕಿಸಿಕೊಂಡೇ ನಗುವ ಜನ, ಇವರಿಂದ ಇನ್ನೇನು ಬಂದೀತು ಎಂದು ಸುಮ್ಮನಿದ್ದರು.

ಆದರೆ ಅಕ್ಕ! ಕಾವಲುಗಾರನಿಂದ ಕುಲಪತಿಯವರೆಗೆ ಎಲ್ಲರ ಬಾಯಲ್ಲೂ ಆಕೆ ಅಕ್ಕ. ಹೇಸಿಗೆಯ ಮೇಲೆ ಸಂಶೋಧನೆ ಮಾಡುವ ಆ ಹೆಂಗಸಿಗೆ ಹೇಸಿಗೆ ಎಂಬ ಅಂಗವನ್ನೇ ದೇವರು ಇಟ್ಟಿರಲಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ಅರ್ಜಿಯ ಪುಟ ತಿರುವುತ್ತಿದ್ದಳು; ಅರವತ್ತೆರಡು ಪುಟದ ಮೂಲೆಗಳಲ್ಲೂ ಅವಳ ಜೊಲ್ಲಿನ ಸಣ್ಣ ಸಣ್ಣ ಕೆರೆಗಳು. ಚಪ್ಪಲಿ ಮೇಜಿನಡಿ ಬಿಟ್ಟು ಬರಿಗಾಲಲ್ಲಿ ಮಹಡಿಯೆಲ್ಲ ತಿರುಗಿ, ಅದೇ ಕಾಲನ್ನು ಕುರ್ಚಿಯ ಮೇಲೆ ಮಡಚಿ ಕೂರುತ್ತಿದ್ದಳು. ಚಹಾದಲ್ಲಿ ಬಿಸ್ಕತ್ತು ಅದ್ದಿ, ಅದು ಮುರಿದು ಬಿದ್ದರೆ ಬೆರಳು ಹಾಕಿ ಮೀನು ಹಿಡಿದ ಹಾಗೆ ಹಿಡಿದು ತೆಗೆಯುತ್ತಿದ್ದಳು.

“ಒಂದು ತುಂಡು ತಗೊಳ್ಳಿ ಮೇಷ್ಟ್ರೇ,” ಎಂದು ಒಮ್ಮೆ ಬಿಸ್ಕತ್ತು ಚಾಚಿದ್ದಳು. “ನಾನು ಕಚ್ಚಿದ್ದು ಆ ಕಡೆ. ನಿಮಗೆ ಈ ಕಡೆ ಮುರಿದು ಕೊಡ್ತೀನಿ, ಹೆದರಬೇಡಿ.”

ಮೇಷ್ಟ್ರು ಅವತ್ತು ಮಧ್ಯಾಹ್ನದ ಊಟ ಮಾಡಲಿಲ್ಲ. ಇಂಥವಳ ಕೈಕೆಳಗೆ ಐದು ವರ್ಷ! ಅವಳು ಸಹಿ ಹಾಕಿದ ಕಾಗದವನ್ನು ಮುಟ್ಟಬೇಕು. ಅವಳು ಹಿಡಿದ ಬಾಗಿಲ ಹಿಡಿಯನ್ನು ಹಿಡಿಯಬೇಕು. ಇಲ್ಲ, ಅವಳು ಹೋಗಲೇಬೇಕು ಎಂದು ತೀರ್ಮಾನಿಸಿದರು. ಕೊಳೆಯನ್ನು ಒರೆಸುವುದು ಪಾಪವಲ್ಲ, ಅದು ಶುಚಿತ್ವ.

ಅರ್ಜಿಗೆ ಬೆನ್ನೆಲುಬು ಅಕ್ಕನ ಪ್ರಯೋಗ. ಮಹಡಿಯ ಕೊನೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಎಲ್ಲರೂ ಅದನ್ನು ‘ನಾತದ ಕೋಣೆ’ ಎನ್ನುತ್ತಿದ್ದರು. ಕೆಟ್ಟ ಹಾಲು, ಕೊಳೆತ ಎಲೆಕೋಸು, ಬೆವರು ಹೀರಿದ ಕಾಲುಚೀಲ ಇವನ್ನೆಲ್ಲ ಒಂದು ತೂತಿನ ಡಬ್ಬದಲ್ಲಿಟ್ಟು ಅಲ್ಲಿ ಕಾಪಾಡಿದ್ದರು. ಆ ವಾಸನೆಗೆ ನೊಣಗಳೇ ಬೇರೆ ಕಡೆ ವರ್ಗ ಕೇಳಿಕೊಂಡು ಹೋಗಿದ್ದವು. ಹೊರಗಿನಿಂದ ಬಂದ ಜನ ಒಬ್ಬೊಬ್ಬರಾಗಿ ಅಲ್ಲಿ ಕೂತು ಮೂವತ್ತು ಪ್ರಶ್ನೆಯ ಹಾಳೆ ತುಂಬಬೇಕು. ಇದು ನಿಮಗೆ ಎಷ್ಟು ಅಸಹ್ಯ, ಅದು ಎಷ್ಟು ಅಸಹ್ಯ: ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿಗೆ ಸುತ್ತು ಹಾಕುವುದು. ಹೆಸರಿಲ್ಲ, ಬರವಣಿಗೆಯಿಲ್ಲ. ಕೂತು ಎದ್ದ ಮೇಲೆ ಅಕ್ಕ ಹಾಳೆಯ ಮೇಲೆ, ದಿನಾಂಕ ತಿರುಗಿಸಿಡುವ ತನ್ನ ಪುಟ್ಟ ರಬ್ಬರ್ ಮುದ್ರೆ ಒತ್ತಿ ಬೀರುವಿಗೆ ಸೇರಿಸುತ್ತಿದ್ದಳು. ನೂರ ಎಂಬತ್ತೆಂಟು ಜನ ಹೀಗೆ ಮೂಗು ಕೊಟ್ಟು ಹೋಗಿದ್ದರು.

ಮೇಷ್ಟ್ರ ಉಪಾಯ ಇದು: ಆ ನೂರ ಎಂಬತ್ತೆಂಟರ ನಡುವೆ ಇಪ್ಪತ್ತನಾಲ್ಕು ಸುಳ್ಳು ಹಾಳೆ ಸೇರಿಸುವುದು. ಸುಳ್ಳೆಂದು ಸಿಕ್ಕಿಬೀಳುವ ಹಾಗೇ ಸೇರಿಸುವುದು. ಆಮೇಲೆ ದೂರು. ಇಪ್ಪತ್ತನಾಲ್ಕೇ ಯಾಕೆ? ಹೆಚ್ಚಾದರೆ ಇಡೀ ಪ್ರಯೋಗ ಮುಳುಗಿ ಅರ್ಜಿಯೂ ಮುಳುಗುತ್ತದೆ. ಇಷ್ಟಾದರೆ ಸುಳ್ಳನ್ನು ಕಿತ್ತೆಸೆದು ಉಳಿದದ್ದನ್ನು ಇಟ್ಟುಕೊಳ್ಳಬಹುದು. ಕೊಚ್ಚಿಹೋಗುವುದು ಅಕ್ಕನ ಹೆಸರೊಂದೇ. ಖಾಲಿಯಾದ ಗೆರೆಯ ಮೇಲೆ ಪ್ರೊಫೆಸರು ಇನ್ಯಾರ ಹೆಸರು ಬರೆದಾರು? ಮೇಷ್ಟ್ರಿಗೆ ತಮ್ಮ ತಲೆಯ ಬಗ್ಗೆ ತಮಗೇ ಮುತ್ತಿಡುವಷ್ಟು ಪ್ರೀತಿ ಬಂತು. ಮುತ್ತು ಎಂದರೆ ಎಂಜಲು, ಹಾಗಾಗಿ ಇಡಲಿಲ್ಲ.

ದಿನವನ್ನು ಆರಿಸಿದ ರೀತಿಯಂತೂ ಮದುವೆ ಮುಹೂರ್ತ ಇಡುವವರೂ ಕಲಿಯುವಂಥದ್ದು. ಹಿಂದಿನ ತಿಂಗಳ ಒಂದು ಮಂಗಳವಾರ ಮಹಡಿಯ ಮೋರಿ ಪೈಪು ಒಡೆದು, ನಾತದ ಕೋಣೆಗೆ ಇಡೀ ದಿನ ಬೀಗ ಬಿದ್ದಿತ್ತು. ಬೀಗದ ಕೈ ರಿಪೇರಿಯವನ ಜೇಬಿನಲ್ಲಿತ್ತೆಂದು ಗೇಟಿನ ಪುಸ್ತಕವೇ ಸಾಕ್ಷಿ ಹೇಳುತ್ತದೆ. ಅಕ್ಕ ಅವತ್ತು ಕಟ್ಟಡದಲ್ಲೇ ಇದ್ದಳು. ಇಪ್ಪತ್ತನಾಲ್ಕು ಹಾಳೆಗೂ ಅದೇ ಮಂಗಳವಾರ. ಬೀಗ ಹಾಕಿದ ಕೋಣೆಯಲ್ಲಿ ಇಪ್ಪತ್ತನಾಲ್ಕು ಜನ ಗೋಡೆ ತೂರಿ ಹೋಗಿ ಕೂತರೇ? ವಿಚಾರಣೆಗೆ ಬರುವವರು ಮೂರು ನಿಮಿಷದಲ್ಲಿ ಹಿಡಿಯಬೇಕು.

ಮುದ್ರೆ ಅಕ್ಕನ ಮೇಜಿನ ಮೇಲೆ ಬಿಸ್ಕತ್ತಿನ ಪುಡಿಯ ನಡುವೆ ಸದಾ ಅನಾಥವಾಗಿ ಬಿದ್ದಿರುತ್ತಿತ್ತು. ಅವಳು ಊಟಕ್ಕೆ ಹೋದಾಗ ಕೈಗವಸು ಹಾಕಿಕೊಂಡು ಎತ್ತಿದರು, ದಿನಾಂಕವನ್ನು ಆ ಮಂಗಳವಾರಕ್ಕೆ ತಿರುಗಿಸಿ ಖಾಲಿ ಹಾಳೆಗಳಿಗೆ ಒತ್ತಿದರು, ಮತ್ತೆ ಮೊದಲಿನಂತೆ ತಿರುಗಿಸಿ ಪುಡಿಯ ಸಮೇತ ಇದ್ದ ಜಾಗಕ್ಕೇ ಇಟ್ಟರು. ಮುದ್ರೆಯ ಹಿಡಿಯಲ್ಲಿ ಹಣ್ಣಿನ ಜಾಮೋ ಏನೋ ಅಂಟಂಟು. ಮೇಷ್ಟ್ರ ಹೊಟ್ಟೆ ಗಂಟಲಿಗೆ ಬಂದು ಇಣುಕಿ ನೋಡಿ ವಾಪಸ್ಸು ಹೋಯಿತು. ಬೇರೆ ಕಳ್ಳರು ಪೊಲೀಸರಿಗೆ ಹೆದರುತ್ತಾರೆ; ಇವರು ಜಾಮಿಗೆ ಹೆದರಿಯೂ ಎದೆಗುಂದಲಿಲ್ಲ.

ಭಾನುವಾರ ಮಧ್ಯಾಹ್ನ ಮನೆಯ ಓದುವ ಕೋಣೆಯಲ್ಲಿ ಕೂತರು. ಆರು ಬಗೆಯ ಪೆನ್ನು, ಹೊಸ ಕೈಗವಸು. ಹೆಂಡತಿ ಬಾಗಿಲಲ್ಲಿ ನಿಂತಳು.

“ಏನ್ರೀ, ಭಾನುವಾರವೂ ಆಪರೇಷನ್ನಾ?”

“ಸಂಶೋಧನೆ. ಕಾಫಿ ಅಲ್ಲೇ ಸ್ಟೂಲಿನ ಮೇಲಿಡು. ಲೋಟದ ಅಂಚು ಮುಟ್ಟಿಲ್ಲ ತಾನೆ?”

“ಇಕ್ಕಳದಲ್ಲಿ ಹಿಡ್ಕೊಂಡು ಬಂದಿದೀನಿ. ಇಪ್ಪತ್ತಾರು ವರ್ಷದಿಂದ ನಿಮ್ಮ ಮನೆಯಲ್ಲಿ ಹೆಂಡತಿಯಾಗಿದೀನೋ ನರ್ಸಾಗಿದೀನೋ, ಯಾವತ್ತಾದ್ರೂ ಬಿಡುವಾದಾಗ ಹೇಳಿ.”

ಮೇಷ್ಟ್ರಿಗೆ ಬಿಡುವಿರಲಿಲ್ಲ. ಸುಳ್ಳು ಅಂಕಿ ಹುಟ್ಟಿಸುವವರು ಎಡವುವುದು ಎಲ್ಲಿ ಎಂಬುದನ್ನು ಅವರಷ್ಟು ಬಲ್ಲವರು ಆ ಖಂಡದಲ್ಲೇ ಇರಲಿಲ್ಲ. ಸೋಮಾರಿಗಳು ಒಂದೇ ಹಾಳೆಯನ್ನು ಅಷ್ಟಿಷ್ಟು ತಿದ್ದಿ ಇಪ್ಪತ್ತು ಮಾಡುತ್ತಾರೆ. ಹೆದರುಪುಕ್ಕಲರು ನಡುವಿನ ಅಂಕಿಗಳಲ್ಲೇ ಸುತ್ತುತ್ತಾರೆ. ಮೇಷ್ಟ್ರ ಹಾಳೆಗಳು ಬೀಗದ ವಿಷಯವೊಂದನ್ನು ಬಿಟ್ಟರೆ ಬೇರೆಲ್ಲೂ ಬಾಯಿ ಬಿಡಬಾರದು. ಅಕ್ಕನಂಥ ಅನುಭವಿ ಮಾಡಿದ ಮೋಸದ ಹಾಗೆ ಸೊಗಸಾಗಿರಬೇಕು. ಅದಕ್ಕಾಗಿ ಇಪ್ಪತ್ತನಾಲ್ಕು ಜನರನ್ನು ಅವರು ಬ್ರಹ್ಮನ ಹಾಗೆ ಸೃಷ್ಟಿ ಮಾಡಿದರು. ನಿವೃತ್ತ ಅಂಚೆಯವನು, ಕಾಲುನೋವು. ಹಲ್ಲಿನ ವೈದ್ಯೆ, ಬಾಯಿವಾಸನೆಗೆ ಎರಡು ಹಾಕುತ್ತಾಳೆ, ಗೋಡೆಯ ಮೇಲಿನ ಹಲ್ಲಿಗೆ ಹತ್ತು. ಕಟುಕ, ರಕ್ತಕ್ಕೆ ಸೊನ್ನೆ. ಚೊಚ್ಚಲ ಬಸುರಿ, ಎಲ್ಲಕ್ಕೂ ಒಂಬತ್ತು. ಮೋರಿ ಕೆಲಸದವನು, ಮೋರಿಗೆ ಒಂದು. ಬೇಜಾರಾಗಿ ಕೊನೆಯ ಐದು ಪ್ರಶ್ನೆಗೆ ಗೀಚಿ ಎದ್ದುಹೋದ ಕಾಲೇಜು ಹುಡುಗಿ. ಎಡಗೈಯವನ ಸುತ್ತನ್ನು ಎಡಗೈಯಲ್ಲೇ ಹಾಕಿದರು. ಏಳುನೂರ ಇಪ್ಪತ್ತು ಸುತ್ತು! ನಾಲ್ಕು ಗಂಟೆಯಲ್ಲಿ ಒಂದು ಸಣ್ಣ ಊರನ್ನೇ ಹೆತ್ತ ಹಾಗಾಯಿತು. ಅವರಲ್ಲಿ ಒಬ್ಬರೂ ಕೆಮ್ಮಲಿಲ್ಲ, ಬೆವರಲಿಲ್ಲ, ಮೇಷ್ಟ್ರ ಕುರ್ಚಿಗೆ ಆತುಕೊಳ್ಳಲಿಲ್ಲ. ಬದುಕಿನಲ್ಲಿ ಅವರಿಗೆ ಇಷ್ಟವಾದ ಜನವೆಂದರೆ ಆ ಇಪ್ಪತ್ತನಾಲ್ಕೇ.

ಸೋಮವಾರ ಬೀರುವಿಗೆ ಸೇರಿಸಿದರು. ಹತ್ತು ದಿನ ಬಿಟ್ಟು, ಪಟ್ಟಣದ ಇನ್ನೊಂದು ತುದಿಯ ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಹೆಸರಿಲ್ಲದ ದೂರೊಂದನ್ನು ಟೈಪು ಮಾಡಿ ಕುಲಪತಿಗೆ ಕಳಿಸಿದರು. ವಿದ್ಯಾರ್ಥಿ ಬರೆದ ಹಾಗೆ ಕಾಣಲೆಂದು ಏಳು ತಪ್ಪು ಹಾಕಿದರು. ಎಂಟನೆಯದಕ್ಕೆ ಮನಸ್ಸು ಒಪ್ಪಲಿಲ್ಲ.

ಎಲ್ಲವೂ ಬರೆದಿಟ್ಟ ಹಾಗೇ ನಡೆಯಿತು. ಅರ್ಜಿ ಕಳಿಸಲು ವಾರವಿದ್ದಾಗ ವಿಚಾರಣೆ ಕೂತಿತು. ಪ್ರೊಫೆಸರು ಹತ್ತು ವರ್ಷ ಮುದುಕರಾದವರಂತೆ ಕೂತಿದ್ದರು. ಗುಂಪಿನವರೆಲ್ಲ ಗೋಡೆಗೆ ಸಾಲಾಗಿ. ಬೇರೆ ವಿಶ್ವವಿದ್ಯಾಲಯದಿಂದ ಬಂದ ಸಂಖ್ಯಾಶಾಸ್ತ್ರದ ಹಿರಿಯ ಮೇಡಂ ಒಬ್ಬರು ಹಾಳೆಗಳನ್ನು ಎರಡು ಕಟ್ಟು ಮಾಡಿ ಇಟ್ಟುಕೊಂಡಿದ್ದರು. ಬೀಗದ ಸಂಗತಿ ಮೂರು ನಿಮಿಷದಲ್ಲಲ್ಲ, ಎರಡೇ ನಿಮಿಷದಲ್ಲಿ ಹೊರಬಿತ್ತು. ಮೇಷ್ಟ್ರಿಗೆ ಹೆಮ್ಮೆಯಿಂದ ಕೊರಳು ಒಂದು ಗೇಣು ಉದ್ದವಾಯಿತು.

“ನಾನು ಮಾಡಿಲ್ಲ,” ಎಂದಳು ಅಕ್ಕ. ಅಷ್ಟೇ. ಮೂಗಿನಿಂದ ನೀರು ಇಳಿಯುತ್ತಿತ್ತು. ಅದನ್ನು ಅಂಗೈಯಲ್ಲೇ ಒರೆಸಿಕೊಂಡಳು. ಮೇಷ್ಟ್ರು ಮುಖ ತಿರುಗಿಸಿದರು. ಕನಿಕರ ಬರಬೇಕಾದ ಜಾಗದಲ್ಲಿ ಅವರಿಗೆ ಬಂದದ್ದು ವಾಕರಿಕೆ.

“ಮೇಷ್ಟ್ರೇ, ಇನ್ನು ನೀವೇ ನೋಡ್ಕೋಬೇಕು ಇದನ್ನ,” ಎಂದರು ಪ್ರೊಫೆಸರು, ಅರ್ಜಿಯ ಮೊದಲ ಪುಟವನ್ನು ಅವರ ಕಡೆ ಸರಿಸುತ್ತ. ಎಂದೂ ಇಲ್ಲದ ಬಹುವಚನ! ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು.

“ಒಂದು ನಿಮಿಷ,” ಎಂದರು ಮೇಡಂ, ಕನ್ನಡಕ ಏರಿಸಿಕೊಂಡು. “ಅಕ್ಕ, ಈ ಹದಿನೇಳನೇ ಪ್ರಶ್ನೆ ಯಾಕೆ ಹಾಕಿದ್ರಿ?” ಅಕ್ಕ ತಲೆ ಎತ್ತದೆ ಹೇಳಿದಳು: “ಅದು ಎಚ್ಚರದ ಪ್ರಶ್ನೆ ಮೇಡಂ. ಜನ ಓದಿ ಸುತ್ತು ಹಾಕ್ತಾರೋ, ಸುಮ್ನೆ ಗೀಚ್ತಾರೋ ನೋಡೋಕೆ. ಓದಿದವರು ಸೊನ್ನೆ ಬಿಟ್ಟು ಬೇರೆ ಹಾಕಲ್ಲ.” ಮೇಡಂ ತಲೆಯಾಡಿಸಿದರು. ನೂರ ಎಂಬತ್ತೆಂಟು ಹಾಳೆಯಲ್ಲೂ ಸೊನ್ನೆಯೇ ಇದೆ, ಈ ಇಪ್ಪತ್ತನಾಲ್ಕರಲ್ಲಿ ಮಾತ್ರ ಒಂಬತ್ತು, ಹತ್ತು, ಎಂಟು, ಒಂಬತ್ತು, ಪ್ರಶ್ನೆ ಮಾಡಿದವರೇ ಸುಳ್ಳು ಹಾಳೆ ತುಂಬಿದ್ದರೆ ಸೊನ್ನೆ ಹಾಕುವುದನ್ನು ಮರೆಯುತ್ತಿದ್ದರೇ ಎಂದು ಕೇಳಿ, ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು: “‘ನಿಮ್ಮ ತಾಯಿ ತಮ್ಮ ಕೈಯಾರೆ ನಿಮ್ಮ ಬಾಯಿಗೆ ಇಟ್ಟ ತುತ್ತು. ಎಷ್ಟು ಅಸಹ್ಯ?’” ಗೋಡೆಯ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕರು. “ಅದರಲ್ಲಿ ನಗೋದೇನಿದೆ?” ಎಂದರು ಮೇಷ್ಟ್ರು, ನಿಜಕ್ಕೂ ಅರ್ಥವಾಗದೆ. “ಉಗುರು, ಬೆವರು, ಎಲ್ಲ ಇರುತ್ತಲ್ಲ ಕೈಯಲ್ಲಿ. ಯಾರಾದ್ರೂ ಒಂಬತ್ತು ಹಾಕೇ ಹಾಕ್ತಾರೆ.” ಮೇಡಂ ಫೈಲಿನಿಂದ ತೆಳ್ಳಗಿನ ಇನ್ನೊಂದು ಕಟ್ಟು ತೆಗೆದರು. ಪ್ರಯೋಗ ಶುರುವಾಗುವ ಮೊದಲು, ಹಾಳೆ ಸರಿಯಿದೆಯೇ ಎಂದು ಪರೀಕ್ಷಿಸಲು, ಗುಂಪಿನ ಒಂಬತ್ತು ಜನರೂ ತುಂಬಿ ಸಹಿ ಮಾಡಿ ಕೊಟ್ಟಿದ್ದ ಹಾಳೆಗಳು ಅವು. ಎಂಟರಲ್ಲಿ ಹದಿನೇಳಕ್ಕೆ ಸೊನ್ನೆ. ಒಂಬತ್ತನೆಯದರಲ್ಲಿ, ಒಂದು ಚೂರೂ ಆಚೀಚೆ ಆಗದ ಶುಭ್ರವಾದ ಸುತ್ತಿನೊಳಗೆ, ಮೇಷ್ಟ್ರ ಸಹಿಯ ಮೇಲೆ, ಒಂಬತ್ತು.