ಎತ್ತಿಡುವ ನೆಲ

“ಕಣ್ಣು ಮುಚ್ಚಿ ನಡೀರಿ,” ಎಂದರು ನೀಲಕಂಠ. “ಕಣ್ಣು ಬಿಟ್ಟರ ಬರೇ ಬಣ್ಣ ನೋಡತೀರಿ. ನೆಲ ಪಾದಕ್ಕ ಗೊತ್ತಾಗಬೇಕು.”

ಕಾಶಿಯ ಕಂಟೋನ್ಮೆಂಟಿನ ಆ ನೆಲಹಾಸಿನ ಅಂಗಡಿಯಲ್ಲಿ ಎರಡು ಪಟ್ಟಿ ಹಾಸಿದ್ದರು. ಒಂದು ಬಿದಿರಿನದು, ಇನ್ನೊಂದು ಸಾಗುವಾನಿಯದು. ಚಪ್ಪಲಿ ಬಿಡಲು ನನಗೆ ನಾಚಿಕೆ. ಬಂಗಾಲಿ ಟೋಲಾ ಓಣಿಯ ನನ್ನ ಖಾನಾವಳಿಯಲ್ಲಿ ಹಗಲೆಲ್ಲ ಕಲ್ಲಿನ ಮೇಲೆ ನಿಂತು ರೊಟ್ಟಿ ಬಡಿಯುವವಳ ಹಿಮ್ಮಡಿ ಹೇಗಿರುತ್ತದೆ? ಒಡೆದು ಬಿರುಕು ಬಿಟ್ಟಿತ್ತು. ಅವರು ನೋಡಿದರು. ಮುಖ ತಿರುಗಿಸಲಿಲ್ಲ.

“ಏನ್ ನೋಡತೀರಿ?”

“ಈ ಪಾದಕ್ಕ ಇನ್ನ ಮ್ಯಾಲೆ ಕಲ್ಲು ತಾಗಬಾರದು.”

ನಾನು ತಟ್ಟನೆ ಕಣ್ಣು ಮುಚ್ಚಿದೆ. ಇಲ್ಲದಿದ್ದರೆ ಅಲ್ಲೇ ಅಳುತ್ತಿದ್ದೆ. ಅವರು ನನ್ನ ಮೊಳಕೈಯನ್ನು ಎರಡು ಬೆರಳಿನಲ್ಲಿ ಮಾತ್ರ ಹಿಡಿದಿದ್ದರು. ಆ ಎರಡು ಬೆರಳಿನ ಬಿಸಿ ಎದೆಯವರೆಗೆ ಬಂತು. ಈ ವಯಸ್ಸಿನಲ್ಲಿ!

ಅಂಗಡಿಯ ಓಂಕಾರ್ ಹಿಂದಿಯಲ್ಲಿ ಕೇಳಿದ, “ಭಾಭೀಜಿ, ಯಾವುದು ಪಸಂದ್?”

ಭಾಭೀಜಿ! ನನ್ನನ್ನು ಅವರ ಹೆಂಡತಿ ಎಂದುಕೊಂಡಿದ್ದ. ನೀಲಕಂಠರು ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.

“ಸಾಗುವಾನಿ,” ಎಂದೆ. “ಮೊಳೆ ಹೊಡದು ಕೂಡಿಸಿದರ ನಾವು ಸತ್ತರೂ ಇರತದ.”

“ಬಿದಿರು ಛಲೋ ಮಹೇಶ್ವರಿ. ಒಂದಕ್ಕೊಂದು ಸಿಗಿಸಿದರ ಆತು. ಮೊಳೆ ಬ್ಯಾಡ, ಅಂಟು ಬ್ಯಾಡ.”

“ಈ ಊರಾಗ ಬಿದಿರು ಯಾತಕ್ಕ ಬಳಸತಾರ ಗೊತ್ತಿಲ್ಲೇನು? ದಿನಾ ನಮ್ಮ ಓಣಿಯಾಗ ಹೆಣ ಕಟ್ಟಿಕೊಂಡು ಒಯ್ಯತಾರ.”

“ಅದು ಚಟ್ಟದ ಬಿದಿರು. ಇದು ಮದುವಿ ಹಂದರದ ಬಿದಿರು,” ಎಂದು ನಕ್ಕರು.

“ಹಂದರದ ಮಾತು ಬರೇ ನಿಮ್ಮ ಬಾಯಾಗ ಅದ.”

“ನೆಲ ಆಗಲಿ. ಆಮ್ಯಾಲೆ ಮಠದಾಗ ಸ್ವಾಮಿಗಳ ಮುಂದ ಮಾಲಿ ಬದಲಾಯಿಸೂಣು.”

ನನಗೆ ಗಂಡ ಸತ್ತು ವರ್ಷಗಳಾಗಿದ್ದವು. ಅವನು ಮಠದ ಅಡುಗೆಮನೆಗೆಂದು ನನ್ನನ್ನು ಕಲಬುರಗಿ ಕಡೆಯಿಂದ ಕಾಶಿಗೆ ಕರೆತಂದವನು. ನೀಲಕಂಠರು ಬ್ಯಾಂಕಿನ ಸಾಹೇಬರು, ಧಾರವಾಡದಿಂದ ವರ್ಗವಾಗಿ ಬಂದವರು. ಅವರಿಗೂ ಹೆಂಡತಿ ಇಲ್ಲ. ಊರಿನ ರೊಟ್ಟಿ ಹುಡುಕಿಕೊಂಡು ನನ್ನಲ್ಲಿಗೆ ಬಂದರು. ಆಮೇಲೆ ರೊಟ್ಟಿ ತಿಂದಾದರೂ ಏಳುತ್ತಿರಲಿಲ್ಲ. ಒಂದು ದಿನ ಕಂಟೋನ್ಮೆಂಟಿನ ಮನೆ ತೋರಿಸಿ ಬೀಗದ ಕೈ ನನ್ನ ಕೈಗಿಟ್ಟರು. “ಖರೀದಿ ಮಾಡೀನಿ. ಇದು ನಮ್ಮಿಬ್ಬರದು,” ಎಂದರು. ನಾನು ನಂಬಿದೆ. ಖಾನಾವಳಿಯನ್ನು ನನ್ನ ಜೊತೆ ದುಡಿಯುವ ರತ್ನಾಳಿಗೆ ಬಿಟ್ಟುಕೊಡುತ್ತೇನೆಂದು ಓಣಿಗೆಲ್ಲ ಹೇಳಿಬಿಟ್ಟೆ.

ಆ ಮನೆಯ ನೆಲಕ್ಕಾಗಿ ಅಂಗಡಿಯಿಂದ ಜಗಳವಾಡಿಕೊಂಡೇ ಬಂದೆವು. ಬೆಳಗಾಗುವಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು. ಹೋಗಲಿ, ಅವರಿಗೆ ಬಿದಿರು ಬೇಕಾದರೆ ಬಿದಿರೇ ಆಗಲಿ. ಅವರಿಗೆ ಹೇಳದೆ ಆಟೋ ಹತ್ತಿ ಓಂಕಾರ್‌ನ ಬಳಿ ಹೋದೆ.

“ಬಿದಿರೇ ಹಾಕು ಭೈಯಾ. ಆದರೆ ಕೆಳಗೆ ಗಟ್ಟಿ ಅಂಟು ಹಾಕು. ಕಾಲಿಟ್ಟರೆ ಅಲುಗಾಡಬಾರದು.”

“ಅಂಟು ಬೇಡವೇ ಬೇಡ ಎಂದಿದ್ದಾರೆ ಸಾಹೇಬರು,” ಎಂದ ಓಂಕಾರ್. “ಕೆಳಗೆ ಮನೆ ಮಾಲೀಕರ ಮಾರ್ಬಲ್ ಇದೆಯಲ್ಲ ಭಾಭೀಜಿ. ಅದಕ್ಕೆ ಒಂದು ಕಲೆಯೂ ಆಗಬಾರದಂತೆ. ಮಾರ್ಚಿನಲ್ಲಿ ನೀವು ಖಾಲಿ ಮಾಡುವಾಗ ಎಲ್ಲ ಎತ್ತಿಕೊಡುತ್ತೇನೆ. ಟ್ರಾನ್ಸ್‌ಫರ್‌ನವರಿಗೆ ಬಿದಿರೇ ಸುಲಭ.”

ನಾನು ಅಲ್ಲಿಂದ ಹೊರಟೆ. ಕೇಳುವುದು ಏನು ಉಳಿದಿತ್ತು? ನಾನು ಸಾಯುವ ತನಕ ಇರುವ ನೆಲ ಆರಿಸುತ್ತಿದ್ದೆ. ಆ ಮನುಷ್ಯ ಮಾರ್ಚಿನಲ್ಲಿ ಎತ್ತಿಡುವ ನೆಲ ಆರಿಸುತ್ತಿದ್ದ.

ಮಧ್ಯಾಹ್ನ ಖಾನಾವಳಿಯಲ್ಲಿ ಯಾತ್ರಿಕರ ಪಂಕ್ತಿ ಎದ್ದ ಮೇಲೆ ನೀಲಕಂಠರು ಬಂದರು, ಎಂದಿನಂತೆ ನಗುತ್ತ. ಬೀಗದ ಕೈಯನ್ನು ಅವರ ಮುಂದೆ ಎಸೆದೆ.

“ಬಾಡಿಗಿ ಮನಿಗೆ ಖರೀದಿ ಮನಿ ಅಂತ ಹೆಸರಿಟ್ಟೀರಿ. ಇನ್ನ ನನಗೇನು ಹೆಸರಿಟ್ಟೀರಿ?”

ಅವರ ಮುಖ ಬೂದಿಯಾಯಿತು. “ಮಹೇಶ್ವರಿ, ಕೂಡ್ರು. ಹೇಳತೀನಿ.”

“ನಿಂತ ಕೇಳತೀನಿ. ನನಗ ರೂಢಿ ಅದ.”

“ಧಾರವಾಡಕ್ಕ ವರ್ಗ ಆಗೇದ. ಹೇಳಿದರ ನೀ ಬಿಟ್ಟು ಹೋಗತೀ ಅಂತ ಹೆದರಿದೆ. ಇರೂತನಕರೆ ನಿನ್ನ ಚಂದಂಗ ನೋಡಿಕೋಬೇಕು ಅಂತ…”

“ಮಾರ್ಚ್ ತನಕ ಚಂದ. ಆಮ್ಯಾಲೆ?”

“ನಿನ್ನ ಮ್ಯಾಲಿನ ಪ್ರೀತಿ ಸುಳ್ಳಲ್ಲ, ಆಣಿ ಮಾಡತೀನಿ. ನೀನೂ ಧಾರವಾಡಕ್ಕ ಬಾ.”

ಆ ಕಣ್ಣಲ್ಲಿ ನೀರಿತ್ತು. ನಿಜವಾದ ನೀರು. ಅದೇ ನನ್ನನ್ನು ಇನ್ನೂ ಉರಿಸಿತು. ಪೂರಾ ಸುಳ್ಳನಾಗಿದ್ದರೆ ಚಪ್ಪಲಿ ತೋರಿಸಿ ಸುಮ್ಮನಾಗುತ್ತಿದ್ದೆ.

“ಬರತೀನಿ,” ಎಂದೆ. “ಊರಾಗ ನಿಮ್ಮ ಮಗಳು ಅದಾಳಲ್ಲ, ಅದಿತಿ. ಈಗ, ನನ್ನ ಮುಂದ, ಆಕಿಗೆ ಫೋನ್ ಮಾಡಿ ಹೇಳ್ರಿ. ನಾ ಯಾರು ಅಂತ ಹೇಳ್ರಿ. ಇವತ್ತ ಗಂಟು ಕಟ್ಟತೀನಿ.”

ಅವರು ಫೋನ್ ಮಾಡಿದರು. ದೇವರೇ, ಇಷ್ಟಾದರೂ ಆಸೆ ಸತ್ತಿರಲಿಲ್ಲ.

“ಅಪ್ಪಾ! ಎಲ್ಲಿದ್ದೀ? ಯಾರೋ ಮಾತಾಡಿದಂಗಾತಲ್ಲ?” ಹುಡುಗಿಯ ದನಿ ನನಗೂ ಕೇಳಿಸಿತು.

ನೀಲಕಂಠರು ನನ್ನನ್ನು ನೋಡಿದರು. ನಾನು ತಲೆ ಆಡಿಸಿ ಧೈರ್ಯ ಕೊಟ್ಟೆ.

“ಯಾರೂ ಇಲ್ಲವ್ವಾ,” ಎಂದರು. “ಖಾನಾವಳಿಯವರು. ಊಟಕ್ಕ ಬಂದೀನಿ.”

ಫೋನ್ ಇಟ್ಟು ತಲೆ ತಗ್ಗಿಸಿದರು. ನಾನು ಒಲೆಯ ಮುಂದೆ ಹೋಗಿ ಒಂದು ರೊಟ್ಟಿ ಬಡಿದೆ. ಬಿಸಿಬಿಸಿಯಾಗಿ ತಟ್ಟೆಗೆ ಹಾಕಿ, ಬದನೆಕಾಯಿ ಎಣಗಾಯಿ ಬಡಿಸಿ ಅವರ ಮುಂದಿಟ್ಟೆ.

“ಮಹೇಶ್ವರಿ…”

“ಊಟಕ್ಕ ಬಂದೀನಿ ಅಂದ್ರಲ್ಲ ಸಾಹೇಬ್ರ, ಉಣ್ಣರಿ.”

ಅವರು ಉಂಡರು. ಅಳುತ್ತಲೇ ಉಂಡರು. ಇನ್ನೊಂದು ರೊಟ್ಟಿ ಹಾಕಲೇ ಎಂದು ಎಲ್ಲರನ್ನೂ ಕೇಳುವವಳು ನಾನು. ಅವರನ್ನು ಕೇಳಲಿಲ್ಲ.